ಐಸಮ್ಮನ ಬಾಗಿಲಿಗೆ ಬಂದ ಪಾಸ್‌ಪೋರ್ಟ್

"ನಿನ್ನ ಬೀಗದ ಕತೆ ಯಾರಿಗೆ ಬೇಕು ಮಾರಾಯ? ನನ್ನ ಪಾಸ್‌ಪೋರ್ಟ್ ಎಲ್ಲುಂಟು, ಅದು ಹೇಳು!"

"ಕೂಗಬೇಡಿ ಅಕ್ಕ, ಇದು ಪೊಲೀಸ್ ಸ್ಟೇಷನ್."

"ಗೊತ್ತುಂಟು. ಅದಕ್ಕೇ ನಿನ್ನನ್ನು ಇಲ್ಲಿಗೆ ಎಳೆದುಕೊಂಡು ಬಂದದ್ದು. ಲಾಕರ್ ಕೀಯನ್ನು ಕ್ಯಾಲೆಂಡರ್ ಹಿಂದೆ ನೇತುಹಾಕುವ ಮನುಷ್ಯ ನೀನು! ಲಾಕರ್ ಯಾಕೆ, ಚಾಪೆ ಹಾಸಿ ಅದರ ಮೇಲೆ ಇಟ್ಟಿದ್ದರೆ ಆಗ್ತಿತ್ತಲ್ಲ?"

2014ರ ಜೂನ್ 8, ಭಾನುವಾರ, ಸಂಜೆ 5.10. ದುಬೈನ ಕರಾಮಕ್ಕೆ ಹತ್ತಿರದ ಠಾಣೆ. ಲೆಫ್ಟಿನೆಂಟ್ ಸುಹೈಲ್ ಪೆನ್ನು ಕೆಳಗಿಟ್ಟು ದುಭಾಷಿ ಮುಹಿಯುದ್ದೀನ್‌ನ ಮುಖ ನೋಡಿದ.

"ಏನಂತೆ?"

"ಆ ಹೆಂಗಸು ಆ ಗಂಡಸಿಗೆ ಬೈಯುತ್ತಿದ್ದಾರೆ ಸಾರ್."

"ಅಷ್ಟು ನನಗೂ ತಿಳಿಯಿತು. ಯಾಕೆ?"

ಮುಹಿಯುದ್ದೀನ್ ಉಪ್ಪಿನಂಗಡಿಯವನು. ಈ ಠಾಣೆಯಲ್ಲಿ ಹದಿನಾರು ವರ್ಷದಿಂದ ಊರಿನವರ ಜಗಳಗಳನ್ನು ಅರಬ್ಬಿಗೆ ತಿರುಗಿಸಿ ತಿರುಗಿಸಿ ಅವನ ತಾಳ್ಮೆ ಸವೆದುಹೋಗಿತ್ತು. ಮೇಜು ಕುಟ್ಟಿ ಇಬ್ಬರನ್ನೂ ಕೂರಿಸಿದ.

ದೂರು ಇಷ್ಟು. ಬೈಸಿಕೊಂಡ ಶಾಮಸುಂದರ ಕರಾಮದಲ್ಲಿ ಟೂರ್ ಕಚೇರಿ ಇಟ್ಟವನು. ಫ್ರಾನ್ಸಿನ ಕಡಲತೀರದ ನೀಸ್ ಪಟ್ಟಣಕ್ಕೆ ಪ್ರತಿವರ್ಷ ಊರಿನವರ ಒಂದು ತಂಡವನ್ನು ಒಯ್ಯುತ್ತಾನೆ. ಮಂದಿ ಪಾಸ್‌ಪೋರ್ಟ್ ಮನೆಯಲ್ಲೇ ಮರೆತು ವಿಮಾನ ನಿಲ್ದಾಣಕ್ಕೆ ಬರುತ್ತಾರೆಂದು, ವೀಸಾ ಆದ ಮೇಲೆ ಎಲ್ಲವನ್ನೂ ಒಂದೇ ಚೀಲದಲ್ಲಿ ತಾನೇ ಇಟ್ಟುಕೊಳ್ಳುವುದು ಅವನ ಪದ್ಧತಿ. ಮಧ್ಯಾಹ್ನ ಒಂದಕ್ಕೆ ಕಚೇರಿ ಮುಚ್ಚಿ ನಾಲ್ಕಕ್ಕೆ ತೆರೆದಾಗ ಲಾಕರಿನಲ್ಲಿ ಚೀಲವಿಲ್ಲ. ಅವನು ಕೊಟ್ಟ ಪಟ್ಟಿಯಲ್ಲಿ ಇಪ್ಪತ್ತು ಹೆಸರು: ಹತ್ತೊಂಬತ್ತು ಪ್ರಯಾಣಿಕರು, ತಂಡವನ್ನು ಕರೆದೊಯ್ಯಬೇಕಾದ ಅವನ ಭಾವಮೈದುನ ಸುಜಿತ್. ವಿಮಾನ ಮಂಗಳವಾರ ಬೆಳಿಗ್ಗೆ 8.20ಕ್ಕೆ.

ಬೈಯುತ್ತಿದ್ದ ಪ್ರಫುಲ್ಲಾ ಇಪ್ಪತ್ನಾಲ್ಕು ವರ್ಷ ಇಲ್ಲಿ ನರ್ಸ್ ಆಗಿದ್ದವರು. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಇಲ್ಲಿನ ವೀಸಾ ರದ್ದಾಗುತ್ತದೆ, ಉಡುಪಿಗೆ ವಾಪಸು.

"ಮಂಗಳವಾರ ಹೋಗದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ. ಅವರಿಗೆ ಹಾಗೆಂದು ಹೇಳಿ," ಎಂದರು. ಮುಹಿಯುದ್ದೀನ್ ಹೇಳಿದ. ಸುಹೈಲ್ ದೂರು ದಾಖಲಿಸಿದ. ಊರಲ್ಲಾದರೆ ಅದಕ್ಕೆ ಎಫ್‌ಐಆರ್ ಎನ್ನುತ್ತಾರೆ.

ಸಂಜೆ 6.30ಕ್ಕೆ ಕಚೇರಿಯ ತಪಾಸಣೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೀ ಕ್ಯಾಲೆಂಡರಿನ ಹಿಂದೆಯೇ ತೂಗುತ್ತಿತ್ತು. ಹೊರಬಾಗಿಲಿನ ಕೀ ಇದ್ದದ್ದು ನಾಲ್ವರ ಬಳಿ. ಒಬ್ಬೊಬ್ಬರನ್ನೇ ಕೇಳಿದರು. ಒಂದರಿಂದ ನಾಲ್ಕರವರೆಗೆ ಶಾಮಸುಂದರ ಮತ್ತು ಸುಜಿತ್ ಒಂದೇ ಫ್ಲ್ಯಾಟಿನಲ್ಲಿ ಊಟ ಮಾಡಿ ಮಲಗಿದ್ದರು. ಟೈಪಿಸ್ಟ್ ಮಾರ್ಟಿನಾ ದಂತವೈದ್ಯರಲ್ಲಿಗೆ ಹೋಗಿದ್ದಳು, ಚೀಟಿ ತೋರಿಸಿದಳು. ಉಳಿದವನು ಗುಣಪಾಲ. ವಯಸ್ಸು ನಲವತ್ತಾರು, ಊರು ಕಾಪು, ಕೆಲಸ ಗಿರಾಕಿಗಳಿಗೆ ನೀಸ್ ತೋರಿಸುವುದು. ಕುರ್ಚಿಯಲ್ಲೇ ಕೂತು, ಬಾಯಿಮಾತಿನಲ್ಲಿ.

"ಮಧ್ಯಾಹ್ನ ಎಲ್ಲಿದ್ದೆ?"

"ಮುಹೈಸ್ನಾದಲ್ಲಿ, ಲೇಬರ್ ಕ್ಯಾಂಪಿನ ರೂಮಿನಲ್ಲಿ ಸಾರ್."

ಬರೆದುಕೊಂಡರು. ಆ ದಿನಕ್ಕೆ ಬೇರೇನೂ ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ 9.05. ಐಸಮ್ಮ ಎಂಬ ಅರವತ್ತು ದಾಟಿದ ಹೆಂಗಸು ಮಗನೊಂದಿಗೆ ಠಾಣೆಗೆ ಬಂದು ಮೇಜಿನ ಮೇಲೆ ಒಂದು ಪಾಸ್‌ಪೋರ್ಟ್ ಇಟ್ಟಳು. ಪಟ್ಟಿಯಲ್ಲಿದ್ದ ಹನ್ನೊಂದನೆಯ ಹೆಸರು ಅವಳದು.

"ಸುಬಹಿ ನಮಾಜಿಗೆ ಎದ್ದು ಬಾಗಿಲು ತೆಗೆದರೆ ಹಿಡಿಕೆಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ ಉಂಟು, ಮೋನೇ. ಒಳಗೆ ಇದು. ಪೊಲೀಸರಿಗೆ ಥ್ಯಾಂಕ್ಸ್ ಹೇಳುವ ಅಂತ ಬಂದೆ."

"ನಾವು ಕೊಟ್ಟದ್ದಲ್ಲ ಉಮ್ಮ," ಎಂದ ಮುಹಿಯುದ್ದೀನ್.

"ಮತ್ತೆ ಯಾರು? ನನ್ನ ತಂಗಿ ಪುತ್ತೂರಿನಲ್ಲಿ ಆಸ್ಪತ್ರೆಯಲ್ಲಿ ಇದ್ದಾಳೆ, ನನಗೆ ನೀಸೂ ಬೇಡ ಗೀಸೂ ಬೇಡ, ಊರಿಗೆ ಹೋಗಬೇಕು, ಪಾಸ್‌ಪೋರ್ಟ್ ಕೊಡಿ ಅಂತ ನಿನ್ನೆ ಆಫೀಸಿಗೆ ಫೋನ್ ಮಾಡಿದೆನಲ್ಲ."

"ಎಷ್ಟು ಹೊತ್ತಿಗೆ?"

ಮಗ ಮೊಬೈಲ್ ತೋರಿಸಿದ. ಕಚೇರಿಯ ನಂಬರಿಗೆ 2.25ಕ್ಕೆ ಕರೆ, ನಾಲ್ಕು ನಿಮಿಷ. ಮುಹಿಯುದ್ದೀನ್‌ನ ಬೆನ್ನು ನೆಟ್ಟಗಾಯಿತು. ಆ ಹೊತ್ತಿಗೆ ಕಚೇರಿಗೆ ಬೀಗ ಬಿದ್ದಿತ್ತು.

"ಎತ್ತಿದ್ದು ಯಾರು?"

"ಹೆಸರು ಕೇಳಲಿಲ್ಲ. ಗಂಡಸು. ಪಾಪದವ. 'ಅಳಬೇಡಿ ಅಮ್ಮ, ಬೇರೆಯವರದ್ದು ಹೇಗೋ, ನಿಮ್ಮದು ಸಿಗ್ತದೆ' ಅಂದ."

ಮುಹಿಯುದ್ದೀನ್ ಆ ಮಾತನ್ನು ಅರಬ್ಬಿಗೆ ಎರಡು ಸಲ ಹೇಳಿದ. ಪಾಸ್‌ಪೋರ್ಟ್ ಕಳೆದದ್ದು ಲೋಕಕ್ಕೆ ಗೊತ್ತಾದದ್ದು ನಾಲ್ಕು ಗಂಟೆಗೆ. ಎರಡೂವರೆಗೇ 'ಬೇರೆಯವರದ್ದು ಹೇಗೋ' ಎಂದವನು ಯಾರು?

"ಇಬ್ಬರು ಫ್ಲ್ಯಾಟಿನಲ್ಲಿ ಮಲಗಿದ್ದರು, ಒಬ್ಬ ಮುಹೈಸ್ನಾದಲ್ಲಿ," ಎಂದ ಸುಹೈಲ್. "ಯಾರ ಮಾತು ಸುಳ್ಳು?"

"ಮುಹೈಸ್ನಾದ್ದು," ಎಂದ ಮುಹಿಯುದ್ದೀನ್. ನಿನ್ನೆಯೇ ಹೊಳೆಯದಿದ್ದುದಕ್ಕೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಈ ಕೆಲಸಕ್ಕೆ ಸೇರುವ ಮೊದಲು ಅವನು ದೇರಾದ ಬಟ್ಟೆಯಂಗಡಿಯಲ್ಲಿ ಸೇಲ್ಸ್‌ಮನ್. ಮೂರು ಗಂಟೆಯ ಬಿಡುವಿನಲ್ಲಿ ಹೋಗಿಬರುವ ಎರಡು ಗಂಟೆ ಬಸ್ಸಿನಲ್ಲಿ ಬೇಯುತ್ತ ಯಾವ ಮೂರ್ಖನೂ ರೂಮಿಗೆ ಹೋಗುವುದಿಲ್ಲ. ಧಣಿಗೆ ಗೊತ್ತಾಗದಂತೆ ಶಟರ್ ಎಳೆದು, ಬಟ್ಟೆಯ ಗಂಟಿನ ಮೇಲೆ ಅವನೂ ಎಷ್ಟೋ ಮಧ್ಯಾಹ್ನ ಮಲಗಿದ್ದ.

10.20ಕ್ಕೆ ಗುಣಪಾಲನನ್ನು ಮತ್ತೆ ಕೂರಿಸಿದರು.

"ಮುಹೈಸ್ನಾಕ್ಕೆ ಎಷ್ಟನೇ ನಂಬರ್ ಬಸ್ಸಿನಲ್ಲಿ ಹೋದೆ?"

ಗುಣಪಾಲ ನೆಲ ನೋಡಿದ.

"ಆಫೀಸಿನಲ್ಲಿ ಮಲಗುವುದು ಎಲ್ಲಿ? ಟೇಬಲ್ ಅಡಿಗಾ, ಎ.ಸಿ. ಎದುರಿಗಾ?"

ಗುಣಪಾಲ ತಲೆಯೆತ್ತಿದ. "ಎ.ಸಿ. ಎದುರಿಗೆ," ಎಂದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಯಲ್ಲಾ, ಹೊರಡಿ," ಎಂದು ಸುಹೈಲ್ ಎದ್ದ.

ಮಧ್ಯಾಹ್ನ 12.15, ಮುಹೈಸ್ನಾ. ಆರು ಮಂಚದ ಕೋಣೆ. ಕ್ಯಾಂಪಿನ ಮೇಲ್ವಿಚಾರಕನನ್ನೂ ಒಬ್ಬ ಸಹವಾಸಿಯನ್ನೂ ಸಾಕ್ಷಿಯಾಗಿ ನಿಲ್ಲಿಸಿ ಪಂಚನಾಮೆ ಬರೆದರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಹೊಸ ಕೋಟು, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ. ಕೋಟಿನೊಳಗೆ ಚೀಲ. ಪಟ್ಟಿಯ ಇಪ್ಪತ್ತರಲ್ಲಿ ಐಸಮ್ಮನದು ಕಳೆದರೆ ಹತ್ತೊಂಬತ್ತು ಇರಬೇಕು. ಮುಹಿಯುದ್ದೀನ್ ಎರಡು ಸಲ ಎಣಿಸಿದ. ಇಪ್ಪತ್ತಿತ್ತು.

ಹೆಚ್ಚಿನದು ಗುಣಪಾಲನದೇ. ಒಳಗೆ ಫ್ರಾನ್ಸಿನ ವೀಸಾ ಒತ್ತಿತ್ತು.

"ಹೇಳು," ಎಂದ ಮುಹಿಯುದ್ದೀನ್. ದನಿ ತನಗೇ ಗೊತ್ತಿಲ್ಲದಂತೆ ತಗ್ಗಿತ್ತು.

"ಹನ್ನೊಂದು ವರ್ಷದಿಂದ ಆ ಊರನ್ನು ಬಾಯಲ್ಲಿ ಮಾರ್ತಾ ಇದ್ದೇನೆ. ಯಾವ ಓಣಿಯಲ್ಲಿ ಹೂವಿನ ಸಂತೆ, ಕೋಟೆಗುಡ್ಡಕ್ಕೆ ಲಿಫ್ಟ್ ಎಲ್ಲಿ, ಎಲ್ಲ ಗೊತ್ತು. ನೋಡಿದ್ದಿಲ್ಲ. ಪಾಸ್‌ಪೋರ್ಟ್ ಧಣಿಗಳ ಲಾಕರಿನಲ್ಲಿ. ಈ ವರ್ಷ ನೀನೇ ತಂಡ ಒಯ್ಯಿ ಅಂದರು, ವೀಸಾ ಮಾಡಿಸಿದರು. ಕೋಟು ತಗೊಂಡೆ. ಮನೆಯಲ್ಲಿ ಹೇಳಿದೆ. ಶನಿವಾರ ಬಂದು, ಸುಜಿತ್ ಹೋಗ್ತಾನೆ, ನೀನು ಫೋನ್ ನೋಡಿಕೋ ಅಂದರು."

"ಅದಕ್ಕೆ ಎಲ್ಲರದ್ದೂ ಕದಿಯುವುದಾ?"

"ನನ್ನದೊಂದು ತೆಗೆಯಲು ಹೋದದ್ದು. ಟಿಕೆಟ್ ಇಲ್ಲದೆ ಅದನ್ನು ಇಟ್ಟುಕೊಂಡು ಎಂತ ಮಾಡುವುದು? ಮೇಲೆಯೇ ಸುಜಿತನದು ಇತ್ತು. ತಲೆ ತಿರುಗಿತು. ಚೀಲವೇ ಎತ್ತಿದೆ. ವಿಮಾನ ಹೋದ ಮೇಲೆ ಒಂದೊಂದೇ ಬಾಗಿಲಿಗೆ ಕಟ್ಟಿ ಬರುವ ಅಂತ ಇದ್ದೆ."

"ಫೋನ್ ಯಾಕೆ ಎತ್ತಿದೆ?"

ಗುಣಪಾಲ ಮೊದಲ ಸಲ ನಕ್ಕ. "ಬೆಲ್ ಹೊಡೆದರೆ ಕೈ ಹೋಗ್ತದೆ. ಅಭ್ಯಾಸ."

ಸಂಜೆ 4.40ಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲಿ ಪಾಸ್‌ಪೋರ್ಟ್ ಹಂಚುತ್ತಿದ್ದರು. ಶಾಮಸುಂದರ ಕಳ್ಳ, ಕೃತಘ್ನ ಎಂದು ಕೂಗುತ್ತಿದ್ದ. "ನೀನು ಬಾಯಿ ಮುಚ್ಚು," ಎಂದು ಮುಹಿಯುದ್ದೀನ್ ಕನ್ನಡದಲ್ಲಿ ಗದರಿದ. ಏನೆಂದೆ ಎಂದು ಸುಹೈಲ್ ಕೇಳಲಿಲ್ಲ.

ಪ್ರಫುಲ್ಲಾ ಸಹಿ ಹಾಕಿ ಪಾಸ್‌ಪೋರ್ಟ್ ತೆಗೆದುಕೊಂಡರು. ಬೆಳಿಗ್ಗೆಯಿಂದ ಕೂಡಿಟ್ಟ ಬೈಗುಳವೆಲ್ಲ ಬಾಯ ತುದಿಯಲ್ಲಿತ್ತು. ಕೋಳ ತೊಟ್ಟ ಗುಣಪಾಲನ ಎದುರು ಹೋಗಿ ನಿಂತರು.

"ನನ್ನದನ್ನೂ ತಗೊಂಡೆಯಲ್ಲ ಗುಣಪಾಲ. ನಿನ್ನ ಮಾತು ಕೇಳಿಯೇ ನಾನು ಹೊರಟದ್ದು."

ಅವನು ತಲೆ ಎತ್ತಲಿಲ್ಲ. "ಅಲ್ಲಿನ ಬೀಚಿನಲ್ಲಿ ಹೊಯ್ಗೆ ಇಲ್ಲ ಅಕ್ಕ, ಬರೀ ಉರುಟು ಕಲ್ಲು. ರಬ್ಬರ್ ಚಪ್ಪಲಿ ಮರೆಯಬೇಡಿ. ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡದಿಂದ ಫಿರಂಗಿ ಹೊಡೆಯುತ್ತಾರೆ, ಹೆದರಬೇಡಿ. ಸುಜಿತನಿಗೆ ಇದೆಲ್ಲ ಗೊತ್ತಿಲ್ಲ."

ಪ್ರಫುಲ್ಲಾ ಬೈಯದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಖಲಾಸ್," ಎಂದ ಸುಹೈಲ್, ಸಾಕು ಎಂಬಂತೆ, ಮೆಲ್ಲಗೆ. ಕಾನ್‌ಸ್ಟೇಬಲ್ ಬಾಗಿಲು ತೆರೆದ. ಗುಣಪಾಲ ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೆಟ್ಟಿಲಿಳಿದ. ಆಮೇಲೆ ಅವನನ್ನು ಕರಾಮದಲ್ಲಿ ಯಾರೂ ನೋಡಲಿಲ್ಲ.