ಏಳನೇ ಮಹಡಿಯಲ್ಲಿ ನೆಡದ ಮರಗಳು

"ಈಗ ಸಮಾಧಾನ ಆಯ್ತಾ, ಎಂಜಿನಿಯರ್ ಸಾಹೇಬ್ರೇ?"

ಹಿಂದಿನಿಂದ ಬಂದ ಆ ದನಿಗೆ ಅವನು ತಟ್ಟನೆ ತಿರುಗಿದ. ಮೂರು ವರ್ಷದ ಮೇಲೆ ಎದುರಾದವಳ ಮೊದಲ ಮಾತೇ ಇದು!

ಅವಳು ತೋಟಗಳ ವಿನ್ಯಾಸ ಮಾಡುವವಳು, ಅವನು ಕಟ್ಟಡದ ಭಾರ ಲೆಕ್ಕ ಹಾಕುವವನು. ಕೆಳಗೆ ಅಂಗಡಿ, ಮೇಲೆ ಕಚೇರಿ, ಅದಕ್ಕೂ ಮೇಲೆ ಮನೆಗಳು, ನಡುವೆ ಏಳನೇ ಮಹಡಿಯಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಬಂದು ಕೂರಬಹುದಾದ ತೋಟ... ಇಬ್ಬರೂ ಸೇರಿ ಕಂಡ ಕನಸು ಅದು. ಕಟ್ಟಡ ಮುಗಿದ ಕೂಡಲೇ ಮದುವೆ ಅಂತ ಮಾತೂ ಆಗಿತ್ತು.

ಇವತ್ತು ತೋಟ ತೆರೆದಿದೆ. ಆದರೆ ಅವಳು ನಕ್ಷೆಯಲ್ಲಿ ಬರೆದಿದ್ದ ಹನ್ನೊಂದು ಮರಗಳಲ್ಲಿ ಒಂದೂ ಇಲ್ಲ! ಬರೀ ಹುಲ್ಲು, ಮೊಣಕಾಲೆತ್ತರದ ಗಿಡಗಳು. ಕಷ್ಟಪಟ್ಟು ಮೇಲೆ ಬಂದ ಅಜ್ಜಿಯೊಬ್ಬರು, "ಕೂರೋಕೆ ಒಂಚೂರು ನೆರಳಿಲ್ವಲ್ಲಮ್ಮಾ" ಅಂತ ಹೊರಟೇಬಿಟ್ಟರು.

ಹೇಳಿ, ಯಾರಿಗೆ ಹೊಟ್ಟೆ ಉರಿಯಲ್ಲ?

"ಅವತ್ತು ಸಭೆಯಲ್ಲಿ ಮಾಲೀಕರ ಪಕ್ಕ ಕೂತು 'ಮರ ಬೇಡ, ಹುಲ್ಲು ಸಾಕು' ಅಂದ್ರಿ. ಯಾಕೆ ಅಂತ ಎಲ್ಲರೆದುರು ಗೋಗರೆದೆ, ತುಟಿ ಬಿಚ್ಚಲಿಲ್ಲ ನೀವು! ಮಾಲೀಕರಿಗೆ ಬಾಲ ಅಲ್ಲಾಡಿಸೋರನ್ನ ಬಿಟ್ಟು ಬಂದಿದ್ದೇ ಒಳ್ಳೇದಾಯ್ತು!"

ಅವನು ಅವಳನ್ನೇ ದಿಟ್ಟಿಸಿದ. ಮುಖ ಬಿಳಿಚಿಕೊಂಡಿತು.

"ಚೆನ್ನಾಗಿದ್ದೀಯಾ, ಗುಬ್ಬಿ?" ಅಂದ, ಅಷ್ಟೇ.

ಅವನೊಬ್ಬನೇ ಕರೆಯುತ್ತಿದ್ದ ಆ ಹೆಸರು ಕೇಳಿದ್ದೇ ತಡ, ಅವಳ ಕಣ್ಣು ತುಂಬಿಬಂತು. ಅಳು ಕಾಣಿಸಬಾರದೆಂದು ದಡದಡ ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಹೊಸ ಕಟ್ಟಡವೊಂದರ ತಾರಸಿ ತೋಟಕ್ಕೆ ಮಣ್ಣಿನ ಭಾರ ಬರೆಯಬೇಕಿತ್ತು. ಹಳೇದನ್ನು ನೋಡಿ ಬರೆದರಾಯ್ತು ಅಂತ ಕಪಾಟು ತೆಗೆದಳು. ಆ ಸಭೆಯ ಸಂಜೆ ಅವನ ಕಚೇರಿಯಿಂದ ವಾಪಸ್ ಬಂದಿದ್ದ ನಕ್ಷೆಯ ಸುರುಳಿ ಅಲ್ಲೇ ಇತ್ತು. ಸಿಟ್ಟಿನಲ್ಲಿ ಅವಳು ಅದನ್ನು ಬಿಚ್ಚಿಯೇ ಇರಲಿಲ್ಲ. ಅವನ ಫೋನನ್ನೂ ಎತ್ತಿರಲಿಲ್ಲ ಬಿಡಿ. ಮೂಗಿನ ತುದಿಯಲ್ಲೇ ಕೋಪ ನಮ್ಮ ಹುಡುಗಿಗೆ!

ಬಿಚ್ಚಿದಳು. ಅವಳೇ ಬರೆದಿದ್ದ ಮಣ್ಣಿನ ಭಾರದ ಪಕ್ಕ ಅವನ ಪೆನ್ಸಿಲ್ ಅಕ್ಷರ: "ಇದು ಒಣಮಣ್ಣಿನ ತೂಕ. ನೆನೆದರೆ? ಕಂಬಗಳು ತಡೆಯಲ್ಲ ಗುಬ್ಬಿ. ಯಾರಿಗೂ ಹೇಳಿಲ್ಲ. ಬಾ, ಮಾತಾಡೋಣ."

ಅಯ್ಯೋ ದೇವರೇ...! ಒದ್ದೆ ಮಣ್ಣಿನ ಭಾರ ಹಾಕೋದನ್ನೇ ಮರೆತಿದ್ದೆನಾ? ಅಷ್ಟು ಹೊತ್ತಿಗೆ ಆ ಲೆಕ್ಕದ ಮೇಲೇ ಕಂಬಗಳು ಎದ್ದಾಗಿತ್ತು. ಮರಗಳನ್ನು ನೆಟ್ಟು, ಒಂದು ಜೋರು ಮಳೆ ಬಂದಿದ್ದರೆ...? ಅವಳು ನಕ್ಷೆ ಸುತ್ತಿಕೊಂಡು ಓಡಿದಳು.

ಅವನು ಏಳನೇ ಮಹಡಿಯಲ್ಲೇ ಸಿಕ್ಕ, ನೀರು ಹರಿಯುವ ಕಾಲುವೆ ನೋಡುತ್ತಿದ್ದ. ಅವಳ ಕೈಯಲ್ಲಿದ್ದ ನಕ್ಷೆ ಕಂಡು ಬೆಂಚಿನ ಮೇಲೆ ಕುಳಿತ.

"ಯಾಕೆ ಹೇಳಲಿಲ್ಲ?" ಅವಳು ನಕ್ಷೆ ಬಿಚ್ಚಿ ಅವನ ಮುಂದೆ ಹಿಡಿದಳು.

"ಎಲ್ಲರ ಮುಂದೆ ಹೇಳಿದ್ರೆ ಅವತ್ತೇ ನಿನ್ನ ಕೆಲಸ ಹೋಗ್ತಿತ್ತು. ಅದಕ್ಕೇ ಬರೆದು ಕಳಿಸಿದೆ. ಓದಿಯೂ ನೀನು ಬರಲಿಲ್ಲ ಅಂದ್ಕೊಂಡೆ. ಬಿಚ್ಚಿಯೇ ಇಲ್ಲ ಅಂತ ನಿನ್ನೆ ನಿನ್ನ ಮಾತು ಕೇಳಿದ ಮೇಲೆ ಗೊತ್ತಾಯ್ತು."

"ನನ್ನನ್ನ ಕ್ಷಮಿಸ್ತೀರಾ? ನಾವು ಮತ್ತೆ..."

"ಹತ್ತಿರ ಹತ್ತಿರ ಮೂರು ವರ್ಷ ಕಾದೆ ಗುಬ್ಬಿ." ಅವನು ತಲೆ ತಗ್ಗಿಸಿದ. "ಹೋದ ತಿಂಗಳು ಅಮ್ಮ ನೋಡಿದ ಹುಡುಗಿಗೆ ಹೂಂ ಅಂದೆ. ಒಳ್ಳೆಯವಳು. ಮಾತು ಕೊಟ್ಟಾಗಿದೆ."

ಒಂದೇ ಒಂದು ತಿಂಗಳು ತಡ! ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಯಾರನ್ನು ಬೈಯಬೇಕು? ಬೈಯಲು ತನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಕೊಟ್ಟ ಮಾತು ತಪ್ಪಬೇಡಿ," ಅಂದಳು ಕೊನೆಗೆ. "ಆದ್ರೆ ನಾನು ನಿಮ್ಮನ್ನ ಬಿಟ್ಟು ಯಾರನ್ನೂ ಪ್ರೀತಿಸಿಲ್ಲ... ಅದು ನಿಮಗೆ ಗೊತ್ತಿರಲಿ."

"ನಾನೂ ಅಷ್ಟೇ." ಅವನ ದನಿ ಒಡೆಯಿತು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

"ಇಲ್ಲ."

"ಹೋಗು, ಮೊದಲು ಏನಾದ್ರೂ ತಿನ್ನು."

"ಹೂಂ..." ಅಂದಳು. ಆದರೆ ಅವನ ಪಕ್ಕ ಕುಳಿತುಕೊಂಡಳು.