ಕೊರ್ಬಿಯೇರ್ ವೈನಿಗೆ ಹೊಂದುವ ಅಡುಗೆ

"ಒಂದು ಚೀಟಿ ಓದಿ ಅಂದ್ರೆ ಹೀಗಾ ಮುಖ ಸಿಂಡರಿಸೋದು?"

"ಮುಖ ಸಿಂಡರಿಸ್ತಿಲ್ಲ. ಕೈಬರಹ ಹಾಗಿದೆ," ಎಂದಳು ತುಂಗಾ, ತಲೆ ಎತ್ತದೆ.

1976ರ ಸೆಪ್ಟೆಂಬರ್, ಸೋಮವಾರ. ರಾಜಾಜಿನಗರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಹೊತ್ತು. ಫ್ರಾನ್ಸಿನ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವುದು ತುಂಗಾಳ ಕೆಲಸ. ಆ ಯಂತ್ರಗಳನ್ನು ನೋಡಿಕೊಳ್ಳುವುದು ಎದುರು ಕುಳಿತ ಸೂಪರ್‌ವೈಸರ್ ಶ್ಯಾಮಸುಂದರನದು. ಯಂತ್ರ ಜೋಡಿಸಲು ಬಂದಿದ್ದ ಫ್ರೆಂಚ್ ಎಂಜಿನಿಯರ್ ಹೊರಡುವಾಗ ಅವನಿಗೆ ಒಂದು ಬಾಟಲಿ ಕೊಟ್ಟಿದ್ದ: ದಕ್ಷಿಣ ಫ್ರಾನ್ಸಿನ ಕೊರ್ಬಿಯೇರ್ ಸೀಮೆಯ ಕೆಂಪು ವೈನ್. ಜೊತೆಗೆ, ಅದಕ್ಕೆ ಯಾವ ಅಡುಗೆ ಹೊಂದುತ್ತದೆಂದು ಫ್ರೆಂಚಿನಲ್ಲಿ ಬರೆದ ಈ ಚೀಟಿ.

ಗುರುವಾರ ಮಹಾಲಯ ಅಮಾವಾಸ್ಯೆ. ಅತ್ತಿಗುಪ್ಪೆಯ ಅವನ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಅವರಿಗೆ ಇಷ್ಟವಾದದ್ದನ್ನೇ ಎಡೆ ಇಡುತ್ತಾರೆ. ತಾತನಿಗೆ ಮಾಂಸದ ಜೊತೆ ಕುಡಿಯಲೂ ಬೇಕಿತ್ತು. ಈ ಸಲ ಫಾರಿನ್ ಬಾಟಲಿಯೇ ಇಡಬೇಕೆಂದು ಅಜ್ಜಿ ಅಕ್ಕಯ್ಯಮ್ಮನ ಹಟ. "ಹೊಂದದ ಅಡುಗೆ ಇಟ್ರೆ ನಿಮ್ಮ ತಾತ ಎಲೆ ಬಿಟ್ಟು ಎದ್ದೋಗ್ತಾರೆ ಕಣೋ. ಕೇಳ್ಕೊಂಡು ಬಾ."

ಅವನಿಗೆ ಕೇಳಬೇಕಾದದ್ದು ಬೇರೆಯೂ ಇತ್ತು. ಭಾನುವಾರ ತುಂಗಾಳನ್ನು ನೋಡಲು ಧಾರವಾಡದಿಂದ ಗಂಡು ಬರುವವನಿದ್ದ. ಎರಡು ವರ್ಷದಲ್ಲಿ ಬಾರದ ಮಾತು ಆರು ದಿನದಲ್ಲಿ ಬರಬೇಕು. ಈರುಳ್ಳಿಯನ್ನೂ ಮುಟ್ಟದ ಹುಡುಗಿಯನ್ನು ಮಾಂಸ ಬೇಯುವ ಮನೆಗೆ ಕರೆಯುವುದು ಹೇಗೆ?

"ಬರ್ಕೊಳ್ಳಿ. ಒಂದು ಗಂಟೆ ಮುಂಚೆ ಬಿರಡೆ ತೆಗೀಬೇಕು. ಐಸ್ ಹಾಕ್ಬಾರ್ದು. ಕೆಂಡದ ಮೇಲೆ ಸುಟ್ಟ ಕುರಿ ಮಾಂಸ, ಒಳ್ಳೇದು. ಬಾತುಕೋಳಿ, ಒಳ್ಳೇದು."

ಬೋಲ್ಟು, ಬೇರಿಂಗು ಎನ್ನುವಷ್ಟೇ ನಿರ್ವಿಕಾರವಾಗಿ ಅವಳು ಬಾತುಕೋಳಿ ಎಂದಳು.

"ಖಾರ?"

"ಕಮ್ಮಿ. ಜಾಸ್ತಿ ಆದ್ರೆ ವೈನು ಕಹಿ ಅನ್ಸುತ್ತಂತೆ."

"ನಮ್ಮಜ್ಜಿ ಕೈಯಲ್ಲಿ ಖಾರ ಕಮ್ಮಿನಾ? ತಾತನೇ ಎದ್ದು ಬಂದು ಹೇಳ್ಬೇಕು."

ಅವಳ ತುಟಿಯಂಚಿನಲ್ಲಿ ನಗು ಬಂದು ನಿಂತಿತು. ಆದರೆ ಬೆರಳು ಮತ್ತೆ ಮೇಲಿನ ಸಾಲಿಗೆ ಹೋಗಿ, ನಿಧಾನವಾಗಿ ಕೆಳಗಿಳಿಯಿತು. ಇದು ಮೂರನೇ ಸಲ.

"ಏನು ಹುಡುಕ್ತಿದೀರಿ? ಎಲ್ಲಾದ್ರೂ ತಪ್ಪಾಯ್ತಾ?"

"ಅನುವಾದ ಸರಿಯಾಗೇ ಇದೆ." ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಾನು ತಿನ್ನೋಂಥದ್ದು ಏನಾದ್ರೂ ಇದೆಯಾ ಅಂತ ನೋಡ್ತಿದ್ದೆ."

ಅವನ ತುತ್ತು ಕೈಯಲ್ಲೇ ಉಳಿಯಿತು.

"ಇದೆಯಾ?"

"ಒಂದಿದೆ. ಬಿಳಿ ಕಾಳನ್ನ ಹಂದಿ ಮಾಂಸದ ಜೊತೆ ಮಡಕೆಯಲ್ಲಿ ನಿಧಾನಕ್ಕೆ ಬೇಯಿಸೋದು. ಮಾಂಸ ಬಿಟ್ರೆ ಕಾಳು ಉಳಿಯುತ್ತೆ."

"ಒಣ ಅವರೆಕಾಳು ಆಗುತ್ತಾ? ಬೇರೆ ಒಲೆ, ಹೊಸ ಮಡಕೆ. ಅಜ್ಜಿಗೆ ಹೇಳ್ತೀನಿ."

"ಈರುಳ್ಳಿ ಹಾಕ್ಬಾರ್ದು. ವೈನು ನಾನು ಮುಟ್ಟಲ್ಲ."

"ಅದು ತಾತನಿಗೆ."

"ಎಡೆ ತೆಗೆದ ಮೇಲೆ ತಾತನ ಪಾಲು ಯಾರು ಕುಡೀತಾರೆ?"

"ಅಜ್ಜಿ."

ಈಗ ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ನಗು ಮುಗಿಯುವ ತನಕ ಅವನು ಕಾದ.

"ನಾನು ಒಂದು ದಿನದ ಊಟಕ್ಕೆ ಕರೀತಿಲ್ಲ ತುಂಗಾ."

ಮೊದಲ ಸಲ ಅವಳು ಅವನನ್ನು ನೇರ ನೋಡಿದಳು. "ಗೊತ್ತು. ಒಂದು ದಿನಕ್ಕಾಗಿದ್ರೆ ಮೂರು ಸಲ ಓದ್ತಿರ್ಲಿಲ್ಲ."

"ಭಾನುವಾರ ಬರೋರು?"

"ಬರೋದು ಬೇಡ ಅಂತ ಇವತ್ತೇ ಅಪ್ಪನಿಗೆ ಹೇಳ್ತೀನಿ. ಕೂಗಾಡ್ತಾರೆ."

"ನಾನೂ ಬರ್ಲಾ?"

"ನಾಳೆ ಬನ್ನಿ. ಇವತ್ತಿನದು ನಾನು ನೋಡ್ಕೋತೀನಿ."

ಸೈರನ್ ಕೂಗಿತು. ಸುತ್ತ ಬೆಂಚುಗಳು ಸದ್ದು ಮಾಡಿದವು. ತುಂಗಾ ತನ್ನ ಡಬ್ಬಿಯ ಮೊಸರನ್ನದಲ್ಲಿ ಅರ್ಧ ತೆಗೆದು ಅವನ ಡಬ್ಬಿಯ ಮುಚ್ಚಳದಲ್ಲಿಟ್ಟಳು.

"ಬೇಗ ತಿನ್ನಿ. ಲೇಟಾಗುತ್ತೆ."