ಲಂಗರಿಗೆ ಸಿಕ್ಕ ಸರಪಳಿ

ಬೆಳಿಗ್ಗೆ ಬಂದರಿನಿಂದ ನಮ್ಮ ಹಾಯಿದೋಣಿ ಹೊರಡಿಸುವಾಗ, ಲಂಗರಿನ ಜೊತೆ ಪಕ್ಕದ ಮೀನುದೋಣಿಯ ಲಂಗರಿನ ಸರಪಳಿಯೂ ಸಿಕ್ಕಿಕೊಂಡು ಮೇಲೆ ಬಂತು. ಆ ದೋಣಿಯ ಒಡೆಯ ಸ್ಟ್ರಾಟಿಸ್ ಅಜ್ಜ ಗುರುತಿಗೆ ಕಟ್ಟಿದ್ದ ನೀಲಿ ಬಟ್ಟೆ ಅದರಲ್ಲಿತ್ತು.

“ಅಜ್ಜನ ಲಂಗರು ಕಿತ್ತಿರತ್ತೆ ಕಣೋ ಮಿಖಾಲಿ, ಗಾಳಿ ಬಂದ್ರೆ ದೋಣಿ ತೇಲಿ ಹೋಗತ್ತೆ, ಎಬ್ಬಿಸಿ ಹೇಳು,” ಎಂದಳು ಹೆಂಡತಿ ಕಲಿರೋಯಿ.

“ದೋಣಿಯೊಳಗೆ ಗೊರಕೆ ಹೊಡೀತಿದಾನೆ. ಎಬ್ಬಿಸಿದ್ರೆ ನಮ್ಮ ವಂಶಾನೇ ಜಾಲಾಡ್ತಾನೆ, ನಡಿ!” ಎಂದು ಸರಪಳಿ ಬಿಡಿಸಿ ನೀರಿಗೆ ಬಿಟ್ಟೆ.

ಮಧ್ಯಾಹ್ನ ಗಾಳಿ ಜೋರಾಯಿತು. ಆಚೆಯ ಪುಟ್ಟ ದ್ವೀಪದ ಮರೆಯಲ್ಲಿ ಲಂಗರು ಹಾಕಿದೆವು. ಅಲ್ಲಿ ಬೇರೆ ದೋಣಿಯೇ ಇರಲಿಲ್ಲ. ಸುಡುಬಿಸಿಲಲ್ಲೂ ಕಾಲಡಿಯ ಹಲಗೆ ತಣ್ಣಗಿತ್ತು. ದೋಣಿಯ ತಳವನ್ನು ಯಾರೋ ಬಾಗಿಲು ತಟ್ಟಿದಂತೆ ತಟ್ಟುತ್ತಲೇ ಇದ್ದರು.

“ಅಜ್ಜ ಎದ್ದಿರ್ತಾನೆ, ಅಲ್ವಾ?” ಎಂದಳು ಕಲಿರೋಯಿ.

ನನಗೆ ತಡೆಯಲಾಗಲಿಲ್ಲ. ವಾಪಸಾಗೋಣವೆಂದು ಲಂಗರೆತ್ತಿದೆ. ಅದರೊಂದಿಗೆ ಇನ್ನೊಂದು ಸರಪಳಿ ಮೇಲೆ ಬಂತು, ಅದೇ ನೀಲಿ ಬಟ್ಟೆಯ ಸಮೇತ. ಬಿಡಿಸಲು ಹೋದರೆ ಬಿಡಲಿಲ್ಲ. ನೀರಿನೊಳಗಿಂದ ಯಾರೋ ಅದನ್ನು ನಮ್ಮ ಬಂದರಿನ ಕಡೆಗೆ ನಿಧಾನವಾಗಿ ಎಳೆದುಕೊಳ್ಳುತ್ತಿದ್ದರು.